ತೂರ್ ಪಟ್ಟಣದ ಪಾಳಿ

ಹಡರ್ಸ್‌ಫೀಲ್ಡ್
12 ಅಕ್ಟೋಬರ್ 2008

ವಾಸಂತಿ ಅಕ್ಕಾ,

ಈ ಕಾಗದ ನಿಮ್ಮ ಕೈ ಸೇರುತ್ತದೋ ಇಲ್ಲವೋ ಅಂತ ಬರೆಯುವ ಮೊದಲೇ ನನಗೆ ಚಿಂತೆ ಹತ್ತಿದೆ. ನಿಮ್ಮ ಕೃತಿ ಫೋನಿನಲ್ಲಿ ಪೋಸ್ಟ್‌ಕೋಡ್ ಹೇಳುವಾಗ ಹಿಂದೆ ಬಸ್ಸಿನ ಸಪ್ಪಳ. ಮತ್ತೆ ಮತ್ತೆ ಕೇಳಿದೆ. ಕಡೆಗೆ ನಿಮ್ಮ ಮಗಳು, "ಆಂಟೀ, ಮಮ್ ಈಸ್ ಫೈನ್, ಡೋಂಟ್ ವರಿ" ಅಂದಳು. ನಾನು ಕೇಳಿದ್ದು ಪೋಸ್ಟ್‌ಕೋಡು, ಅವಳು ಹೇಳಿದ್ದು ಇದು. ಆಗಲೇ ತಿಳಿಯಿತು, ನೀವು ಫೈನ್ ಇಲ್ಲ ಅಂತ.

ನೀವು ಊರು ಬಿಟ್ಟ ಸುದ್ದಿ ನನಗೆ ಯಾರೂ ಹೇಳಲಿಲ್ಲ. ಸ್ಕೂಲಿನ ಅಡುಗೆಮನೆ ಕೆಲಸ ಮುಗಿಸಿ ಬರುವಾಗ ನಿಮ್ಮ ಮನೆ ಸ್ಟಾಪಿನಲ್ಲಿ ಸುಮ್ಮನೆ ಇಳಿದೆ. ಕಿಟಕಿಗೆ ಪರದೆ ಇರಲಿಲ್ಲ. ಬಾಗಿಲಿಗೆ ಬ್ಯಾಂಕಿನವರ ಕಾಗದ. ರಾಜಶೇಖರ ಅಣ್ಣನವರು ಇಳಕಲ್ಲಿನಿಂದ ತರಿಸಿ ಮೆಟ್ಟಿಲಿಗೆ ಹಾಕಿಸಿದ್ದ ಕೆಂಪು ಗ್ರಾನೈಟು ಮಾತ್ರ ಮಳೆಯಲ್ಲಿ ಹೊಳೆಯುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ, ಪಕ್ಕದ ಮನೆ ಮುದುಕಿ ಬಂದು, "ಆರ್ ಯು ಲಾಸ್ಟ್, ಲವ್?" ಅಂದಳು. ಹೌದು ಅನ್ನಬೇಕೋ ಅಲ್ಲ ಅನ್ನಬೇಕೋ ತಿಳಿಯದೆ ಥ್ಯಾಂಕ್ಯೂ ಅಂದು ಬಂದುಬಿಟ್ಟೆ.

ಅಕ್ಕಾ, ಆ ಅಕ್ಕಿಯ ಸಿಟ್ಟು ಇನ್ನೂ ಇದೆಯೇನು? ಹಿಡಿ ಅಕ್ಕಿಯ ರೂಢಿಯನ್ನು ನಮ್ಮ ಪ್ರಾರ್ಥನೆಯ ಕೂಟದಲ್ಲಿ ಶುರುಮಾಡಿಸಿದವರು ನೀವೇ. ಅನ್ನಕ್ಕೆ ಇಡುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಬೇಕು, ತಿಂಗಳ ಪ್ರಾರ್ಥನೆಗೆ ತಂದು ಒಟ್ಟು ಮಾಡಬೇಕು, ಕಷ್ಟದ ಮನೆಗೆ ಮುಟ್ಟಿಸಬೇಕು. ಅಣ್ಣನವರ ಕಲ್ಲಿನ ಯಾರ್ಡ್ ಮುಚ್ಚಿತು ಅಂತ ಕೇಳಿದಾಗ ನನ್ನ ತಲೆಗೆ ಹೊಳೆದದ್ದು ಅದೊಂದೇ. ಹೊತ್ತುಕೊಂಡು ಬಂದೆ. ನೀವು ನಕ್ಕೊಂತ ಒಳಗೆ ತಗೊಂಡಿರಿ. ಮರುದಿನ ನೋಡಿದರೆ ಚೀಲ ನಮ್ಮ ಬಾಗಿಲಲ್ಲಿ, ಕಟ್ಟಿದ ಗಂಟು ಕೂಡ ಬಿಚ್ಚಿರಲಿಲ್ಲ. ನನ್ನ ಮನೆಯವರು, "ನೀನು ನರ್ಸ್ ಆಗಿದ್ರ ಪೇಶಂಟ್ ಕೇಳೋದಕ್ಕ ಮೊದಲೇ ಇಂಜೆಕ್ಷನ್ ಚುಚ್ಚತಿದ್ದಿ" ಅಂತ ನಗುತ್ತಾರೆ. ನನಗೆ ನಗು ಬರಲಿಲ್ಲ.

ಒಂದು ಸಾಲು ಬರೆಯಿರಿ. ಬೈದು ಬರೆದರೂ ಸರಿ.

ನಿಮ್ಮನ್ನು ನೆನೆಯುತ್ತಲೇ ಇರುವ,
ಸುಗುಣಾ


ಹಡರ್ಸ್‌ಫೀಲ್ಡ್
23 ನವೆಂಬರ್ 2008

ವಾಸಂತಿ ಅಕ್ಕಾ,

ನಿಮ್ಮ ಕಾಗದ ಬರಲಿಲ್ಲ. ಪೋಸ್ಟ್‌ಮನ್ನಿಗೆ ಕೇಳಿದೆ. "ನಥಿಂಗ್ ಬಟ್ ಬಿಲ್ಸ್, ಲವ್" ಅಂದ.

ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆಯದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಕೂಟದಲ್ಲಿ ಬೈಬಲಿನ ಆ ಪ್ರವಾದಿಯ ಪುಸ್ತಕ ಸಾಲಾಗಿ ಓದುತ್ತಿದ್ದೇವಲ್ಲ, ತಿಂಗಳಿಗೊಂದು ಮನೆಯವರ ಪಾಳಿ, ಪಾಳಿಗೊಂದು ಅಧ್ಯಾಯ. ಮಾರ್ಚಿನ ಪಾಳಿ ನನ್ನದು. ಮುಂದೆ ತೆಗೆದು ನೋಡಿದೆ. ತೂರ್ ಪಟ್ಟಣದ ಅಧ್ಯಾಯ ಅಕ್ಕಾ. ಸಮುದ್ರದ ನಡುವೆ ಕೂತು ಲೋಕಕ್ಕೆಲ್ಲ ಸಾಮಾನು ಮಾರಿ, ನನ್ನಷ್ಟು ಚಂದ ಯಾರೂ ಇಲ್ಲ ಅಂತ ಮೆರೆದು, ಒಂದು ದಿನ ಮುಳುಗಿಹೋದ ಪಟ್ಟಣ. ಪುಸ್ತಕ ಮುಚ್ಚಿದರೂ ಅಣ್ಣನವರೇ ಕಣ್ಣೆದುರು.

ಈಗ ಕೂಟ ನೋಡಿಕೊಳ್ಳುವ ಡಾಕ್ಟರ್ ಅಮೃತರಾವ್ ಅವರ ಹತ್ತಿರ ಹೋಗಿ, ಸಾರ್ ಇದನ್ನು ಬಿಟ್ಟು ಮುಂದಿನದು ಓದಲೇ ಅಂದೆ. ಅವರು ಕನ್ನಡಕ ಒರೆಸುತ್ತ ಹೇಳಿದರು: "ನೇಮ ಮಾಡಿದ್ದು ಯಾರಮ್ಮ? ಸಿಹಿ ಮಾತ್ರ ಆರಿಸಿ ತಿನ್ನೋದು ಮಕ್ಕಳು, ನಾವು ತಟ್ಟೆಗೆ ಬಂದದ್ದನ್ನೆಲ್ಲ ಉಣ್ಣಬೇಕು ಅಂದೋರು ಯಾರು? ನನ್ನ ಮಗಳ ಸಂಸಾರ ಮುರಿದ ತಿಂಗಳು ಗಂಡನ್ನ ಬಿಟ್ಟವಳ ಅಧ್ಯಾಯ ಬಂತು. ಇದೊಂದು ಬೇಡಪ್ಪ ಅಂತ ಕೈ ಮುಗಿದೆ. ರಾಜಶೇಖರ ಕೇಳಿದನಾ? ತಾನೇ ನಿಂತು ಓದಿದ. ಗಂಟೆ ಬಾರಿಸಿದ ಹಾಗೆ ಓದಿದ."

ಅವರು ಸುಳ್ಳು ಹೇಳಲಿಲ್ಲ. ನಾನೂ ಅಲ್ಲೇ ಕೂತಿದ್ದೆ.

ಕೂಟ ಮುಗಿದು ಚಹಾ ಕುಡಿಯುವಾಗ ಹರ್ಷಿತಾ ನನ್ನ ಪಕ್ಕೆಗೆ ತಿವಿದು, "ಏನ್ ಅದೃಷ್ಟ ಸುಗುಣಕ್ಕ ನಿಂದು, ಮೇನ್ ಕೋರ್ಸೇ ನಿನ್ನ ತಟ್ಟೆಗೆ ಬಂತು" ಅಂದಳು. ಎಲ್ಲರೂ ನಕ್ಕರು. ನಗಲಿ ಬಿಡಿ. ಅಣ್ಣನವರು ಮಾತಾಡಿದ್ದೂ ಹಾಗೇ ಇತ್ತಲ್ಲ. "ಅರ್ಧ ಯಾರ್ಕ್‌ಶೈರ್ ನನ್ನ ಕಲ್ಲಿನ ಮ್ಯಾಲೆ ಬ್ರೆಡ್ ಕೊಯ್ತದ, ಸಮುದ್ರ ನನಗ ಹಿತ್ತಲ ಬಾಗಿಲಿದ್ದಂಗ" ಅನ್ನುತ್ತಿದ್ದರು. ಈಗ ಹೊಸ ಮನೆ ಕಟ್ಟುವವರಿಲ್ಲ, ಹೊಸ ಅಡುಗೆಮನೆ ಮಾಡಿಸುವವರಿಲ್ಲ, ಕಲ್ಲು ಲಿವರ್‌ಪೂಲ್ ಬಂದರಿನಲ್ಲೇ ಕೂತಿತು. ಆದರೆ ನಾವು ಈ ದೇಶಕ್ಕೆ ಬಂದ ದಿನ ಮ್ಯಾಂಚೆಸ್ಟರ್ ಏರ್‌ಪೋರ್ಟಿನಲ್ಲಿ ನನ್ನ ಮಗುವಿಗೆ ತಮ್ಮ ಕೋಟು ತೆಗೆದು ಹೊದಿಸಿದವರು ಯಾರು? ಅದನ್ನು ಯಾರೂ ನೆನೆಸುವುದಿಲ್ಲ.

ನಾನು ಏನು ಮಾಡಲಿ? ನೀವು ಕಲಿತವರು, ಹೇಳಿರಿ. ನನ್ನದು ಬೆಟಗೇರಿ ಮಿಶನ್ ಶಾಲೆಯಲ್ಲಿ ಅರ್ಧಕ್ಕೆ ನಿಂತ ಓದು. ಸಾಲಿನ ಕೆಳಗೆ ಬೆರಳಿಟ್ಟೇ ಓದಬೇಕು.

ದಾರಿ ಕಾಯುವ,
ಸುಗುಣಾ


ಸೆಲ್ಲಿ ಓಕ್, ಬರ್ಮಿಂಗ್‌ಹ್ಯಾಂ
4 ಜನವರಿ 2009

ಸುಗುಣಾ,

ನಿನ್ನ ಎರಡೂ ಕಾಗದ ಬಂದಿವೆ. ಕ್ರಿಸ್‌ಮಸ್ ಕಾರ್ಡೂ ಬಂತು. ಉತ್ತರ ಬರೆಯದಿದ್ದುದು ಅಕ್ಕಿಯ ಸಿಟ್ಟಿನಿಂದಲೇ. ಸುಳ್ಳೇಕೆ ಹೇಳಲಿ.

ಕಷ್ಟದ ಮನೆ ಯಾವುದು ಅಂತ ಐದಾರು ವರ್ಷ ತೀರ್ಮಾನ ಮಾಡಿದವಳು ನಾನು. ಬಾಸುಮತಿ ಸುರಿದು, ಡಬ್ಬಿ ಮುಚ್ಚಿ, "ಈ ತಿಂಗಳು ಇಂಥವರಿಗೆ ಕೊಡೋಣ" ಅನ್ನುವಾಗ ನನ್ನ ದನಿ ಹೇಗಿರುತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ನೀನು ಚೀಲ ಕೊಟ್ಟು, "ಕೂಟದವರೆಲ್ಲ ಸೇರಿ" ಅಂದೆಯಲ್ಲ, ಆಗ ಅದೇ ದನಿ ಕೇಳಿಸಿತು. ನೀನು ಮೆತ್ತಗೇ ಹೇಳಿದ್ದೆ ಪಾಪ. ಆದರೂ ಕೇಳಿಸಿತು.

ಇಲ್ಲಿ ಕೃತಿಯ ಯೂನಿವರ್ಸಿಟಿಯ ಹತ್ತಿರ ಸಾಲುಮನೆಯೊಂದರ ಕೆಳಗಿನ ಎರಡು ಕೋಣೆಯಲ್ಲಿದ್ದೇವೆ. ಮೇಲೆ ನಾಲ್ಕು ಜನ ವಿದ್ಯಾರ್ಥಿಗಳು. ಬೆಳಿಗ್ಗೆ ಅಡುಗೆಮನೆಗೆ ಹೋದರೆ ಸಿಂಕಿನಲ್ಲಿ ಅವರ ಪಾತ್ರೆಗಳ ಗೋಪುರ. ಮೊದಲ ವಾರ ನಾನೇ ತೊಳೆದೆ. ಈಗ ಅವರು ನನ್ನನ್ನು "ಮಿಸೆಸ್ ಆರ್" ಅನ್ನುತ್ತಾರೆ, ಮಜ್ಜಿಗೆಹುಳಿ ಇದೆಯಾ ಅಂತ ಕೇಳುತ್ತಾರೆ. ಕೃತಿಗೆ ನಾಚಿಕೆ. ನನಗೆ ಇಲ್ಲ, ಆಶ್ಚರ್ಯ ನೋಡು.

ಕಾರ್ಡಿನಲ್ಲಿ ನೀನು ಇವರ ವಿಷಯ ಕೇಳಿದ್ದೆಯಲ್ಲ. ಇವರು ಕಿಟಕಿಯ ಹತ್ತಿರ ಕೂರುತ್ತಾರೆ. ಅಷ್ಟೇ. ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುವುದಿಲ್ಲ. ತಟ್ಟೆ ಇಟ್ಟರೆ ಎರಡು ತುತ್ತು. ಯಾಕೆ ಅಂದರೆ, "ಯಾತಕ್ಕ?" ಅನ್ನುತ್ತಾರೆ. ಜಗಳವಾಡಿದರೆ ಒಳ್ಳೆಯದಿತ್ತು. ಇಪ್ಪತ್ತೈದು ವರ್ಷ ಆ ದನಿಗೆ ಕಿವಿ ಮುಚ್ಚಿಕೊಂಡವಳು ಈಗ ಅದೇ ದನಿಗೆ ಕಾಯುತ್ತಿದ್ದೇನೆ. ಇಲ್ಲಿಯ ಜಿಪಿ ಡಾಕ್ಟರು ಮಾತ್ರೆಯ ಮೇಲೆ ಮಾತ್ರೆ ಬರೆದುಕೊಟ್ಟರು. ಅವೂ ಹಾಗೇ ಇವೆ.

ನಿನ್ನ ಅಧ್ಯಾಯ ನೀನು ಓದು. ಇವರಂತೂ ಅಲ್ಲಿಗೆ ಬರುವುದಿಲ್ಲ. ನಗುವವರು ನಕ್ಕುಕೊಳ್ಳಲಿ.

ವಾಸಂತಿ


ಹಡರ್ಸ್‌ಫೀಲ್ಡ್
5 ಫೆಬ್ರವರಿ 2009

ವಾಸಂತಿ ಅಕ್ಕಾ,

ನಿಮ್ಮ ಕಾಗದ ಓದಿ ಅತ್ತೆ, ಆಮೇಲೆ ನಕ್ಕೆ, ಆಮೇಲೆ ಮಾತ್ರೆಯ ಮಾತು ನೆನಪಾಗಿ ಕಾಗದವನ್ನು ಮತ್ತೆ ಬಿಚ್ಚಿದೆ. ನನ್ನ ಮನೆಯವರಿಗೆ ಹೇಳಿದೆ. "ಸಕ್ಕರೆ ಕಾಯಿಲೆಯವರು ಹಂಗ ಮಾಡಬಾರದು, ಅದು ಸಾವಕಾಶ ಸಾಯೋ ದಾರಿ" ಅಂದರು. ನರ್ಸ್ ಆದವರಿಗೆ ಬಾಯಿ ಮೇಲೆ ಹಿಡಿತವೇ ಇರುವುದಿಲ್ಲ. ನಿಮಗೆ ಇದನ್ನು ಬರೆಯಬಾರದಿತ್ತೇನೋ. ಬರೆದೆ, ಹೊಡೆದುಹಾಕಿದರೆ ಕಾಗದ ಹೊಲಸು ಕಾಣುತ್ತದೆ, ಇರಲಿ.

ಹಿಮ ಬಿದ್ದು ಸ್ಕೂಲು ಮುಚ್ಚಿದೆ. ಮೂರು ದಿನದಿಂದ ಆ ಅಧ್ಯಾಯ ಓದಿ ಓದಿ ಕಲಿಯುತ್ತಿದ್ದೇನೆ. ಶಾಪವೇ ಇರುತ್ತದೆ ಅಂತ ಹೆದರಿ ಹೆದರಿ ಓದಿದೆ. ಶಾಪ ಬರುವುದೇ ಇಲ್ಲ ಅಕ್ಕಾ, ಸಂತೆ ಬರುತ್ತದೆ! ಆ ಪಟ್ಟಣವನ್ನು ಪ್ರವಾದಿ ಒಂದು ಹಡಗು ಅನ್ನುತ್ತಾನೆ. ಯಾವ ಬೆಟ್ಟದ ಮರದಿಂದ ಅದರ ಕಂಬ ಕೆತ್ತಿದರು, ಯಾವ ದೇಶದ ಕಸೂತಿ ಬಟ್ಟೆಯಿಂದ ಪಟ ಹೊಲಿದರು, ಎಲ್ಲಾ ಹೇಳುತ್ತಾನೆ. ಆಮೇಲೆ ಬೆಳ್ಳಿ, ಕಬ್ಬಿಣ, ಕುದುರೆ, ಆನೆದಂತ, ಹವಳ, ಜೇನು, ಉಣ್ಣೆ. ಯಾವ ಊರಿನವರು ಏನು ತಂದರು ಅಂತ ಒಂದನ್ನೂ ಬಿಡುವುದಿಲ್ಲ. ಹಾಳಾಗಲಿ ಅನ್ನುವವನು ಇಷ್ಟು ಪ್ರೀತಿಯಿಂದ ಹೇಳುತ್ತಾನೆಯೇ? ನನಗೆ ಗೊತ್ತಿಲ್ಲ, ಕಲಿತವರನ್ನು ಕೇಳಬೇಕು.

ಕಡೆಗೆ ಮೂಡಣ ಗಾಳಿ ಬಂದು ಹಡಗು ಒಡೆಯುತ್ತದೆ. ಹುಟ್ಟು ಹಾಕುವವರೆಲ್ಲ ದಡಕ್ಕೆ ಇಳಿದು ತಲೆ ಮೇಲೆ ಮಣ್ಣು ಹಾಕಿಕೊಂಡು ಅಳುತ್ತಾರೆ. ಆದರೆ ಎಲ್ಲಕ್ಕಿಂತ ಕೊನೆಯ ಸಾಲಿದೆಯಲ್ಲ, ಅಲ್ಲಿ ಬೇರೆ ವ್ಯಾಪಾರಿಗಳು ನಿಂತು ಹಂಗಿಸಿ ಸಿಳ್ಳು ಹಾಕುತ್ತಾರೆ. ಕೂಟದವರು ಕಾಯುತ್ತಿರುವುದು ಆ ಸಿಳ್ಳಿಗೇ. ಆಗ ನಾನು ಯಾರ ಮುಖ ನೋಡಲಿ? ಗಂಟಲು ಕೆಟ್ಟಿದೆ ಅಂತ ಹೇಳಿಬಿಡಲೇ? ಈ ಚಳಿಯಲ್ಲಿ ನಿಜವಾಗಿ ಕೆಟ್ಟರೂ ಕೆಡಬಹುದು.

ಅಣ್ಣನವರಿಗೆ ಮಾತ್ರೆ ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಹಾಕಿ ಕೊಡಿರಿ ಅನ್ನೋಣ ಅಂತಿದ್ದೆ. ನನ್ನ ಮನೆಯವರು, "ಎಲ್ಲಾ ಮಾತ್ರೆ ಹಂಗ ಅರೀಬಾರದು, ಸುಮ್ಮನಿರು" ಅಂತ ಗದರಿದರು. ಸುಮ್ಮನಿದ್ದೇನೆ.

ಇಲ್ಲಿ ಕೂತೇ ಅಲ್ಲಿಯ ಚಿಂತೆ ಮಾಡುವ,
ಸುಗುಣಾ


ಸೆಲ್ಲಿ ಓಕ್
2 ಮಾರ್ಚ್ 2009

ಸುಗುಣಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಹೋದ ಕಾಗದ ಮೇಜಿನ ಮೇಲೇ ಇತ್ತು, ಇವರು ಓದಿದ್ದಾರೆ. ಊಟಕ್ಕೆ ಕೂತಾಗ, "ಯಾವ ಐತವಾರ?" ಅಂದರು. ತಿಂಗಳುಗಳ ಮೇಲೆ ತಾವಾಗಿ ಆಡಿದ ಮೊದಲ ಮಾತು. ನನಗೆ ಖುಷಿಯಾಗಬೇಕಿತ್ತು, ಭಯವಾಯಿತು.

"ಯಾಕೆ, ಹೋಗ್ತೀರಾ?" ಅಂದೆ. "ಮಂದಿಗೆ ಅವರವರ ಪಾಳಿ ನಾನು ಓದಿ ಹೇಳೀನಿ. ನಂದು ನಾನು ಕೇಳಬೇಕಲ್ಲ" ಅಂದರು. ಶಿಕ್ಷೆಗೆ ಹೋಗುವವರ ಮುಖ ಸುಗುಣಾ. ಅದನ್ನು ಕೇಳಿಬಂದು ಮುಗಿಸಿಬಿಡುತ್ತಾರೆ ಅನ್ನಿಸುತ್ತಿದೆ. ಎಲ್ಲರೆದುರು ಆ ಸಿಳ್ಳಿನ ಸಾಲು ಕಿವಿಗೆ ಬಿದ್ದ ಮೇಲೆ ಈ ಮನುಷ್ಯ ಒಂದು ತುತ್ತೂ ಮುಟ್ಟುವುದಿಲ್ಲ.

ಓದು ಅಂತ ಬರೆದಿದ್ದೆ. ಅದನ್ನು ಮರೆತುಬಿಡು. ಇವರು ಬಂದರೆ ಓದಬೇಡ. ಗಂಟಲು ಕೆಡಲಿ, ಕನ್ನಡಕ ಒಡೆಯಲಿ, ಏನಾದರೂ ಮಾಡು. ಯಾರ ಹತ್ತಿರವೂ ಏನೂ ಬೇಡದವಳು ಬೇಡುತ್ತಿದ್ದೇನೆ.

ನಿನ್ನ ವಾಸಂತಿ


ಹಡರ್ಸ್‌ಫೀಲ್ಡ್
16 ಮಾರ್ಚ್ 2009

ವಾಸಂತಿ ಅಕ್ಕಾ,

ಅಣ್ಣನವರು ಮನೆ ಮುಟ್ಟಿದರೇ? ನಿನ್ನೆಯಿಂದ ನಿಮ್ಮ ಫೋನು ಎತ್ತುತ್ತಿಲ್ಲ, ಕೃತಿಯದು ಬರೀ ಮೆಸೇಜ್ ಬಿಡಿ ಅನ್ನುತ್ತದೆ. ಮಶೀನಿಗೆ ಮಾತಾಡಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಆಮೇಲೆ ನೀವು ನನ್ನ ಮುಖ ನೋಡದಿದ್ದರೂ ನಾನು ಏನೂ ಅನ್ನುವುದಿಲ್ಲ.

ಅವರು ಕೂಟದ ಮೊದಲ ಹಾಡು ಮುಗಿಯುವ ಹೊತ್ತಿಗೆ ಬಂದರು. ಕೋಟು ಹೆಗಲಿನಿಂದ ಜೋಲುತ್ತಿತ್ತು. ಯಾವಾಗಲೂ ಮುಂದಿನ ಕುರ್ಚಿ ಅವರದಲ್ಲವೇ, ಅದು ಖಾಲಿಯೇ ಇತ್ತು, ಯಾರೂ ಕೂತಿರಲಿಲ್ಲ. ಅವರು ಹಿಂದೆ, ರೇಡಿಯೇಟರ್ ಹತ್ತಿರ, ಮಕ್ಕಳು ಕೂರುವಲ್ಲಿ ಕೂತರು. ಹರ್ಷಿತಾ ತಲೆ ತಗ್ಗಿಸಿದಳು. ಡಾಕ್ಟರ್ ಕೆಮ್ಮಿದರು.

ನಾನು ಎದ್ದು ನಿಂತು ನೀವು ಹೇಳಿದಂತೆಯೇ, "ನನ್ನ ಗಂಟಲು ಚಲೋ ಇಲ್ಲ, ಬರೇ ಪ್ರಾರ್ಥನೆ ಮಾಡೂಣು" ಅಂದೆ. ದೇವರಾಣೆ ಅಂದೆ ಅಕ್ಕಾ. ಡಾಕ್ಟರೇ, "ಆಗಲಿ ಬಿಡಮ್ಮ" ಅಂದರು. ಆಗ ಹಿಂದಿನಿಂದ ಅವರು, "ಸುಗುಣವ್ವಾ, ನಿನ್ನ ಗಂಟಲು ಚಲೋ ಅದ. ಓದು. ನೇಮ ನಂದು" ಅಂದರು. ಮೊದಲಿನ ದನಿ ಅಲ್ಲ. ಕೇಳಿಸಬೇಕಾದರೆ ಕಿವಿ ಕೊಡಬೇಕಿತ್ತು.

ನನ್ನಿಂದ ಇಲ್ಲ ಅನ್ನಲು ಆಗಲಿಲ್ಲ. ಬೆರಳಿಟ್ಟು ಓದತೊಡಗಿದೆ. ಸಾಲು ತಪ್ಪುತ್ತಿತ್ತು. ತಪ್ಪಬಾರದು ಅಂತ ಒಂದೊಂದು ಮಾತನ್ನೂ ಎಳೆದು ಎಳೆದು ಓದಿದೆ. ನಿನ್ನ ಹಲಗೆ, ನಿನ್ನ ಪಟ, ನಿನ್ನ ಬೆಳ್ಳಿ, ನಿನ್ನ ಉಣ್ಣೆ... ಹಾಗೆ ಎಳೆಯುತ್ತ ಎಳೆಯುತ್ತ ಅದು ರಾಗಕ್ಕೆ ಹತ್ತಿಬಿಟ್ಟಿತು. ನನಗೆ ಗೊತ್ತೇ ಆಗಲಿಲ್ಲ. ನಮ್ಮ ಬೆಟಗೇರಿ ಕಡೆ ಯಾರಾದರೂ ತೀರಿಕೊಂಡರೆ ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರು ಉಟ್ಟದ್ದು, ಉಂಡದ್ದು, ಮಂದಿಗೆ ಕೊಟ್ಟದ್ದು, ಎಲ್ಲ ಹೆಸರಿಟ್ಟು ಹೆಸರಿಟ್ಟು ಹೇಳಿ ಅಳುತ್ತಾರೆ. ಒಬ್ಬಾಕೆ ಮೊದಲ ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನು ಹಿಡಿಯುತ್ತಾರೆ. ಎತ್ತಿಕೊಡದಿದ್ದರೆ ಯಾರಿಗೂ ಅಳು ಹೊರಗೆ ಬರುವುದಿಲ್ಲ. ನನ್ನ ಅಜ್ಜಿ ಎತ್ತಿಕೊಡುವಾಕೆ. ಆ ರಾಗವೇ ಬಂದದ್ದು.

ಬದುಕಿರುವ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಸತ್ತವರ ರಾಗ ಎಳೆದೆ ನಾನು. ನಮ್ಮ ಕಡೆ ಇದಕ್ಕಿಂತ ಕೆಟ್ಟದ್ದಿಲ್ಲ.

ನಿಲ್ಲಿಸಬೇಕು ಅಂದುಕೊಳ್ಳುವಷ್ಟರಲ್ಲಿ ಹುಬ್ಬಳ್ಳಿಯ ದೀನಮ್ಮಜ್ಜಿ ನನ್ನ ಸಾಲಿನ ಬಾಲ ಹಿಡಿದು, "ಹೋತಲ್ಲೋ ಯಪ್ಪಾ" ಅಂದಳು. ಇನ್ಯಾರೋ ಹಿಡಿದರು. ಡಾಕ್ಟರ್ ಕನ್ನಡಕ ತೆಗೆದಿದ್ದರು, ಒರೆಸುತ್ತಿರಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದಿದ್ದರು. ಹರ್ಷಿತಾ ಬಿಕ್ಕುತ್ತಿದ್ದಳು. ಮಕ್ಕಳು, "ವಾಟ್ಸ್ ಹ್ಯಾಪನಿಂಗ್, ಮಮ್ಮಿ?" ಅಂತ ಕೇಳುತ್ತಿದ್ದರು.

ಹುಟ್ಟು ಹಾಕುವವರು ಅಳುವಲ್ಲಿಗೆ ಮುಟ್ಟಿ ನಾನು ನಿಂತೆ. ಇನ್ನು ಉಳಿದದ್ದು ಆ ಸಿಳ್ಳು. ಆಗ ಅಣ್ಣನವರು ಎದ್ದು ಬಂದರು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಕೊನೆಯ ಸಾಲನ್ನು ತಾವೇ ಓದಿದರು. ರಾಗ ಇಲ್ಲ, ಏರಿಲ್ಲ, ಇಳಿತವಿಲ್ಲ. ಬಸ್ಸಿನ ಬೋರ್ಡು ಓದಿದ ಹಾಗೆ ಓದಿದರು. ಆಮೇಲೆ, "ಮುಂದಿನ ತಿಂಗಳು ಯಾರದು?" ಅಂದರು. ಡಾಕ್ಟರ್ ಅವರ ತೋಳು ಹಿಡಿದು, "ಚಾ ಕುಡಿದು ಹೋಗೋ" ಅಂದರು. "ಟ್ರೇನ್ ಅದ" ಅಂದು ಹೊರಟೇಬಿಟ್ಟರು. ನಾನು ಚಪ್ಪಲಿ ಹುಡುಕಿ ಹೊರಗೆ ಓಡುವಷ್ಟರಲ್ಲಿ ರಸ್ತೆಯಲ್ಲಿ ಇರಲಿಲ್ಲ.

ಒಂದೇ ಸಾಲು ಅಕ್ಕಾ. ಮನೆ ಮುಟ್ಟಿದರು ಅಂತ.

ಏನು ಮಾಡಿಟ್ಟೆನೋ ತಿಳಿಯದ,
ಸುಗುಣಾ


ಸೆಲ್ಲಿ ಓಕ್
24 ಮಾರ್ಚ್ 2009

ಸುಗುಣಾ,

ಮುಟ್ಟಿದರು. ನಮ್ಮ ಫೋನಿನ ಲೈನು ಕಡಿದಿದ್ದಾರೆ, ಕೃತಿ ತನ್ನ ಫೋನನ್ನು ಲೈಬ್ರರಿಯಲ್ಲಿ ಬಿಟ್ಟು ಬಂದಿದ್ದಳು. ನಿನ್ನನ್ನು ಹೆದರಿಸುವ ಉದ್ದೇಶವಿರಲಿಲ್ಲ. ವಾರ ತಡಮಾಡಿದ್ದು ಮಾತ್ರ ನಾನೇ. ಇವರಲ್ಲಿ ಕಂಡದ್ದು ನಿಜವೋ ಅಲ್ಲವೋ ನೋಡಿ ಬರೆಯೋಣ ಅಂತ ಕಾದೆ.

ಸಂಜೆಗೆ ಬಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ. ಕೋಟು ತೆಗೆಯುವ ಮೊದಲೇ, "ಏನರ ಐತೇನು ತಿನ್ನಾಕ?" ಅಂದರು. ಮೇಲಿನ ಹುಡುಗರಿಗೆ ಅಂತ ತೆಗೆದಿಟ್ಟ ಅನ್ನ-ಹುಳಿ ಇತ್ತು. ನಿಂತುಕೊಂಡೇ ಉಂಡರು. ಉಣ್ಣುತ್ತ ಹೇಳಿದರು: "ನಗ್ತಾರ ಅಂತ ಹೋಗಿದ್ದೆ. ಅದಕ್ಕ ತಯಾರಾಗೇ ಹೋಗಿದ್ದೆ. ಅವರು ಅತ್ತರು ವಾಸಂತಿ. ಅಮೃತರಾವನೂ ಅತ್ತ. ನನ್ನ ಸಲುವಾಗಿ ಅತ್ತರು."

ಆಮೇಲೆ ನಾನು ಕೇಳದಿದ್ದರೂ ಇನ್ನೊಂದು ಮಾತು ಅಂದರು. "ಆ ಪಟ್ಟಣ ನಾನು ಅಂತ ಕೂತಿದ್ದೆ ಇಷ್ಟು ದಿನ. ಸುಗುಣವ್ವ ನಿಂತ ಸಾಲಿಗೆ ಬಂದಾಗ ನೋಡ್ತೀನಿ, ಮುಳುಗಿದ್ದು ಹಡಗು. ಹುಟ್ಟು ಹಾಕೋರು ಈಸಿ ದಡಕ್ಕ ಬಂದಾರ. ಅಳಾಕ ಜೀವ ಇಟ್ಟಾನ ದೇವರು." ನಿನ್ನ ಓದಿನ ಬಗ್ಗೆ, "ಸಾಲು ಸಾಲಿಗೂ ತಪ್ಪು ಓದ್ತಾಳ ಆಕಿ" ಅಂತಲೂ ಸೇರಿಸಿದರು. ಈ ಮನುಷ್ಯ ಪೂರ್ತಿ ಬದಲಾಗುವುದಿಲ್ಲ, ಆ ಆಸೆ ಬೇಡ.

ಮಾತ್ರೆ ತಗೊಳ್ಳುತ್ತಿದ್ದಾರೆ. ನಿನ್ನೆ ಸ್ಟರ್ಚ್‌ಲಿಯಲ್ಲಿ ಅಡುಗೆಮನೆ ಕಲ್ಲು ಕೂರಿಸುವವನೊಬ್ಬನ ಹತ್ತಿರ ಹೋಗಿ ಅಳತೆ ತೆಗೆಯುವ ಕೆಲಸ ಕೇಳಿ ಬಂದರು. ಅವನಿಗೆ ಇವರ ಅರ್ಧ ವಯಸ್ಸು. ಇವರನ್ನು "ರಾಜ್" ಅಂದನಂತೆ. ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು.

ಎಲ್ಲರೂ ಅತ್ತಿರಿ ಸುಗುಣಾ. ಮನೆಯ ಬೀಗದ ಕೈ ಕೊಟ್ಟ ದಿನದಿಂದ ನಾನೊಬ್ಬಳು ಅತ್ತಿಲ್ಲ. ಇವರೆದುರು ಅಳಬಾರದು ಅಂತ ತಡೆದೆ, ಆಮೇಲೆ ಮಗಳೆದುರು. ಈಗ ಇವರು ಹೊರಗೆ ಹೋದಾಗ ಒಬ್ಬಳೇ ಕೂತು ಪ್ರಯತ್ನ ಮಾಡಿ ನೋಡಿದೆ. ಬರುವುದಿಲ್ಲ. ಕಾಲೇಜಿನಲ್ಲಿ ಇದನ್ನೆಲ್ಲ ಕಲಿಸಲಿಲ್ಲ ನಮಗೆ.

ನೀನು ಬಾ. ಈಸ್ಟರ್ ರಜೆಗೆ ಮೇಲಿನ ಹುಡುಗರೆಲ್ಲ ಅವರವರ ಊರಿಗೆ ಹೋಗುತ್ತಾರೆ. ಇವರನ್ನು ಕೃತಿಯ ಜೊತೆ ಹೊರಗೆ ಕಳಿಸುತ್ತೇನೆ. ನ್ಯೂ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಇಳಿದು ಕ್ರಾಸ್-ಸಿಟಿ ರೈಲು ಹಿಡಿ, ಯಾವ ಪ್ಲಾಟ್‌ಫಾರ್ಮ್ ಅಂತ ಚಿಂತೆ ಮಾಡಬೇಡ, ನಾನೇ ನ್ಯೂ ಸ್ಟ್ರೀಟಿಗೆ ಬಂದು ನಿಂತಿರುತ್ತೇನೆ. ಅಡುಗೆಮನೆಯಲ್ಲಿ ಎರಡು ಕುರ್ಚಿ ಹಾಕಿ ಕೂರೋಣ. ನಾವು ಬಿಟ್ಟುಬಂದ ಆ ಮನೆಯ ಹೆಸರು ಹಿಡಿದು ನೀನು ಮೊದಲು ಎತ್ತಿಕೊಡು. ಬಾಗಿಲು, ಮೆಟ್ಟಿಲು, ಕಿಟಕಿ, ಯಾವುದರಿಂದ ಶುರುಮಾಡಿದರೂ ಸರಿ.

ನಾನು ಹಿಡಿಯುತ್ತೇನೆ.

ನಿನ್ನ ಅಕ್ಕ,
ವಾಸಂತಿ